ಸ್ವಚ್ಛವಾಗಿದ್ದ ಫಿಲ್ಟರ್

ವಿಮೆ ಅಕ್ಕ ಮಂಡಿಯೂರಿ ಕೂತು, ವಾಷಿಂಗ್ ಮಶೀನಿನ ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯೊಳಗೆ ಎರಡು ಬೆರಳು ತೂರಿಸಿದಳು. ಬೆರಳಿಗೆ ಹತ್ತಿದ್ದು ಕೊಳೆಯಲ್ಲ, ಬಿಳಿ ಲೋಳೆ. ಮೂಸಿ ನೋಡಿದಳು. ಸೋಪು.

ಏಳುವುದಕ್ಕೆ ಕೈ ಕೊಡಲೇ ಎಂದು ಮನೆಯ ಯಜಮಾನಿ ಕೇಳಿದರು. ಈಗಲೇ ಬೇಡ, ಕೆಲಸ ಮುಗಿದ ಮೇಲೆ ಒಂದೇ ಸಲ ಏಳುತ್ತೇನೆ, ಎರಡೆರಡು ಸಲ ಇಳಿದು ಹತ್ತುವ ಮಂಡಿ ನನ್ನದಲ್ಲ ಎಂದಳು ಅಕ್ಕ.

ನಿನ್ನೆ ಸಂಜೆ ಈ ಯಜಮಾನಿಯ ಗಂಡ ತಲೆಗೆ ಏಟು ಬಿದ್ದು ಇದೇ ಮಶೀನಿನ ಮುಂದೆ ಪ್ರಜ್ಞೆಯಿಲ್ಲದೆ ಬಿದ್ದಿದ್ದರು. ಮಶೀನಿನೊಳಗೆ ಸೊಸೆಯ, ಕಿರಿ ಮಗನ ಹೆಂಡತಿಯ, ಹಳದಿ ಟಾಪು ರಕ್ತದ ಕಲೆಯೊಂದಿಗೆ ಸಿಕ್ಕಿತ್ತು. ಸೊಸೆ ರಾತ್ರಿಯಿಂದ ಪೊಲೀಸ್ ಠಾಣೆಯಲ್ಲಿದ್ದಳು. “ಬಟ್ಟೆ ನಂದೇ” ಎಂದಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಇವತ್ತು ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಅಲ್ಲಿಂದ ನೇರ ಜೈಲಿಗೆ.

ಆಸ್ಪತ್ರೆಯಲ್ಲಿ ಗಂಡನ ಕೋಣೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕಿರಿ ಮಗನನ್ನು ಕೂರಿಸಿ ಯಜಮಾನಿ ಬೆಳಗ್ಗೆಯೇ ವಿಮೆ ಅಕ್ಕನ ಮನೆ ಬಾಗಿಲು ತಟ್ಟಿದ್ದರು. ಅತ್ತಿರಲಿಲ್ಲ. ಚಪ್ಪಲಿ ಬಿಡದೆ, ಹೊಸ್ತಿಲಾಚೆಯಿಂದಲೇ ಮಾತು ಮುಗಿಸಿದ್ದರು.

“ನನ್ನ ಸೊಸೆ ಇರುವೆ ಕಂಡ್ರೂ ಸುತ್ತಿ ಹೋಗೋಳು. ಅವಳು ಹೊಡ್ದಿಲ್ಲ. ಯಾರು ಹೊಡ್ದಿದ್ದು ಅಂತ ನನಗೆ ಆಮೇಲೆ ಹೇಳಿ. ಮೊದ್ಲು ಅವಳನ್ನ ಮನೆಗೆ ಕರ್ಕೊಂಡು ಬನ್ನಿ.”

ಅಕ್ಕ ಬಹಳ ವರ್ಷ ವಿಮೆ ಕಂಪನಿಯೊಂದಕ್ಕೆ ತನಿಖೆ ಮಾಡಿದವಳು. ಸುಟ್ಟ ಅಂಗಡಿ, ಒಡೆದ ಪೈಪು, ನೀರು ಕುಡಿದ ಮಶೀನು, ಎಲ್ಲವನ್ನೂ ಮೂಸಿ ನೋಡಿ ನಿಜ ಯಾವುದು ಸುಳ್ಳು ಯಾವುದು ಎಂದು ಬರೆದು ಕೊಡುತ್ತಿದ್ದಳು. ಕೆಲಸ ಬಿಟ್ಟರೂ ಅಡ್ಡಹೆಸರು ಬಿಡಲಿಲ್ಲ. ಮನುಷ್ಯರಿಗಿಂತ ಮಶೀನೇ ವಾಸಿ ಎಂದು ಅವಳಿಗೆ ಅನ್ನಿಸಿ ಬಹಳ ದಿನವಾಗಿತ್ತು. ಮಶೀನೂ ಸುಳ್ಳು ಹೇಳುತ್ತದೆ, ಆದರೆ ಅತ್ತುಕೊಂಡು ಹೇಳುವುದಿಲ್ಲ.

ಈ ಮಶೀನಿನ ಗತಿ ನೋಡಿದರೆ ಅದೇ ಅಳಬೇಕಿತ್ತು. ಪೊಲೀಸರು ಬಂದಾಗ ದುಂಡು ಗಾಜಿನ ಅರ್ಧದವರೆಗೆ ನೀರು ನಿಂತಿತ್ತಂತೆ. ಒಳಗೆ ನೀರಿದ್ದರೆ ಇಂಥ ಮಶೀನು ಬಾಗಿಲು ಬಿಡುವುದಿಲ್ಲ. ಅದನ್ನು ತಿಳಿಯುವ ತಾಳ್ಮೆಯಿಲ್ಲದೆ ಇನ್‌ಸ್ಪೆಕ್ಟರು ಸಲಾಕೆ ಹಾಕಿ ಮೀಟಿದ. ಬಾಗಿಲ ಹಿಡಿ ಬಿರುಕು ಬಿಟ್ಟಿತು, ನೀರೆಲ್ಲ ದಬದಬ ಸುರಿದು ನೆಲದ ಮೇಲೆ ಇದ್ದಬದ್ದ ಹೆಜ್ಜೆಗುರುತನ್ನೂ ತೊಳೆದುಕೊಂಡು ಹೋಯಿತು. ಸಾಕ್ಷ್ಯ ಹುಡುಕಲು ಬಂದವರೇ ಸಾಕ್ಷ್ಯಕ್ಕೆ ಸ್ನಾನ ಮಾಡಿಸಿದ್ದರು.

ಅಕ್ಕ ಮೇಲಿನ ಸೋಪಿನ ಡ್ರಾಯರ್ ಎಳೆದಳು. ಅದರಲ್ಲಿ ಮೂರು ಖಾನೆ. ಒಂದು ಮುಂಚಿತ ತೊಳೆತಕ್ಕೆ, ಒಂದು ಮುಖ್ಯ ತೊಳೆತಕ್ಕೆ, ಹೂವಿನ ಗುರುತಿನ ಪುಟ್ಟದ್ದು ಕೊನೆಯಲ್ಲಿ ಪರಿಮಳದ ದ್ರಾವಣಕ್ಕೆ. ಮೂರರಲ್ಲೂ ನೀಲಿ ಚುಕ್ಕೆಯ ಪುಡಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು.

ಈ ಪುಡಿಯನ್ನು ಯಾರು ಬಳಸುತ್ತಾರೆ ಎಂದು ಕೇಳಿದಳು.

ಯಜಮಾನಿ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. ಅದು ನೆಲ ಒರೆಸುವ ಬಟ್ಟೆಯನ್ನು ಬಕೆಟಿನಲ್ಲಿ ನೆನೆಸುವ ಪುಡಿ, ಒಗೆಯುವ ಕಲ್ಲಿನ ಕೆಳಗೆ ಬ್ರಶ್ಶಿನ ಹಿಂದೆ ಇರುತ್ತದೆ. ಮಶೀನಿಗೆ ಹಾಕುವುದು ದ್ರಾವಣ, ಅದೂ ಅರ್ಧ ಮುಚ್ಚಳ. ಪುಡಿ ಹಾಕಿದರೆ ನೊರೆ ಎದ್ದು ಮಶೀನಿನ ಉಸಿರು ಕಟ್ಟುತ್ತದೆ ಎಂದು ತಮಗೆ ಹೇಳಿಕೊಟ್ಟವಳೇ ಸೊಸೆ ಎಂದರು.

ಅಕ್ಕ ಗುಂಡಿ ನೋಡಿದಳು. ಬಾಣ ತೊಂಬತ್ತು ಡಿಗ್ರಿಯ ಮೇಲೆ ನಿಂತಿತ್ತು.

“ರಕ್ತದ ಕಲೆಗೆ ನೀವು ಬಿಸಿನೀರು ಹಾಕ್ತೀರಾ?”

“ಹಾಕಿದ್ರೆ ಮುಗೀತಲ್ಲ. ಕಲೆ ಬೆಂದು ಕೂರುತ್ತೆ. ತಣ್ಣೀರೇ ಆಗ್ಬೇಕು. ನಮ್ಮನೇಲಿ ಯಾವ ಹೆಂಗಸನ್ನ ಕೇಳಿದ್ರೂ ಹೇಳ್ತಾಳೆ.”

ಅಕ್ಕ ಅಲ್ಲೇ ಕೂತು ಫೋನು ತೆಗೆದು ಇನ್‌ಸ್ಪೆಕ್ಟರಿಗೆ ಹಚ್ಚಿದಳು. ಮಶೀನು ಹಾಕಿದ್ದು ಆ ಹುಡುಗಿಯಲ್ಲ, ಮಶೀನನ್ನು ಜನ್ಮದಲ್ಲಿ ಮುಟ್ಟದ ಯಾರೋ ಎಂದು ಪುಡಿಯನ್ನೂ ಬಿಸಿನೀರನ್ನೂ ಬಿಡಿಸಿ ಹೇಳಿದಳು. ಆತ ಮಧ್ಯೆ ಮಾತಾಡದೆ ಕೇಳಿಸಿಕೊಂಡ. ಅವನ ದನಿಯೂ ನಿದ್ದೆಗೆಟ್ಟಿತ್ತು. ಕೋರ್ಟಿನಲ್ಲಿ ಸೋಪಿನ ಪುಡಿ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ಆದರೆ ಈ ಹುಡುಗಿ ರಾತ್ರಿಯಿಂದ ಒಂದು ಲೋಟ ನೀರು ಬಿಟ್ಟು ಏನೂ ಮುಟ್ಟಿಲ್ಲ, ನನಗೂ ಸಾಕಾಗಿದೆ, ನೋಡುತ್ತೇನೆ ಎಂದು ಫೋನಿಟ್ಟ.

ಫೋನು ಕೆಳಗಿಟ್ಟ ಅಕ್ಕನಿಗೆ ಒಂದು ಲೋಟ ಬಿಸಿ ಚಹಾ ಕುಡಿದು ಮನೆಗೆ ಹೋಗಿ ಕಾಲು ಚಾಚಬೇಕೆನ್ನಿಸಿತು. ಕೇಳಿದ ಕೆಲಸ ಅರ್ಧ ಆದಂತೆಯೇ. ಆದರೆ ನೊರೆ ಕಟ್ಟಿ ನಿಂತ ಮಶೀನನ್ನು ಬಿಚ್ಚದೆ ಎದ್ದುಹೋದ ಅಭ್ಯಾಸ ಅವಳಿಗಿರಲಿಲ್ಲ.

ಮಶೀನಿನ ಬಲಗಡೆ ಕೆಳಮೂಲೆಯಲ್ಲಿ ಅಂಗೈಯಗಲದ ಮುಚ್ಚಳ. ಅದನ್ನು ತೆರೆದರೆ ನೀರು ಹೊರಹಾಕುವ ಪಂಪಿನ ಫಿಲ್ಟರು, ಪಕ್ಕದಲ್ಲಿ ನೀರು ಬಸಿಯುವ ಸಣ್ಣ ಕೊಳವೆ, ಅದರ ಹಿಂದೆ ಬಾಗಿಲು ಬಿಡಿಸುವ ಒಂದು ಪಟ್ಟಿ. ಕೊಳವೆಯಿಂದ ನೀರು ಬಸಿದು ಪಟ್ಟಿ ಎಳೆದರೆ ಎಂಥ ಹಟಮಾರಿ ಬಾಗಿಲೂ ಬಿಡುತ್ತದೆ. ಇನ್‌ಸ್ಪೆಕ್ಟರಿಗೆ ಇದು ಗೊತ್ತಿದ್ದರೆ ಸಲಾಕೆಗೆ ಕೆಲಸವಿರುತ್ತಿರಲಿಲ್ಲ.

ಅಕ್ಕ ಹಳೇ ಟವೆಲೊಂದನ್ನು ಕೆಳಗೆ ಹಾಸಿ ಫಿಲ್ಟರನ್ನು ತಿರುಗಿಸಿ ಎಳೆದಳು. ಅದು ಬೆಣ್ಣೆಯಂತೆ ಬಂತು.

ನೋಡಿದಳು. ಮತ್ತೆ ಬೆಳಕಿಗೆ ಹಿಡಿದು ನೋಡಿದಳು.

ಫಿಲ್ಟರು ಸ್ವಚ್ಛವಾಗಿತ್ತು. ಒಂದು ನೂಲೆಳೆ ಇಲ್ಲ, ಕೂದಲಿಲ್ಲ. ಅದರ ಕುತ್ತಿಗೆಯ ರಬ್ಬರಿನ ಬಳೆಯನ್ನು ಯಾರೋ ಒರೆಸಿ ಕೂರಿಸಿದ್ದರು. ಅಷ್ಟು ಪುಡಿ ಹಾಕಿ ಒಗೆದ ಮಶೀನಿನ ಫಿಲ್ಟರು ಲೋಳೆ ಹಿಡಿದಿರಬೇಕಿತ್ತು. ರಬ್ಬರಿನ ಮಡಿಕೆಯಲ್ಲಿ ಸೋಪು, ಡ್ರಾಯರಿನಲ್ಲಿ ಸೋಪು, ಇಲ್ಲಿ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ.

ಹಾಗಾದರೆ ನೊರೆ ಎದ್ದ ಮೇಲೆ ಯಾರೋ ಇದನ್ನು ಬಿಚ್ಚಿದ್ದಾರೆ. ಬಿಚ್ಚಿ, ತೊಳೆದು, ಮತ್ತೆ ಹಾಕಿದ್ದಾರೆ. ಮಶೀನು ಮುಟ್ಟಲು ಬಾರದವನು ಒಬ್ಬ; ಅದರ ಕರುಳು ಬಲ್ಲವನು ಇನ್ನೊಬ್ಬ.

ಪೊಲೀಸರೇನಾದರೂ ಇದನ್ನು ಮುಟ್ಟಿದರೇ ಎಂದು ಕೇಳಿದಳು. ಅವರು ಬಗ್ಗಲೇ ಇಲ್ಲ, ಬಗ್ಗುವ ಹೊಟ್ಟೆಯೂ ಅವರದಲ್ಲ ಎಂದರು ಯಜಮಾನಿ.

ಅಷ್ಟರಲ್ಲಿ ಮುಂಬಾಗಿಲಿನ ಸದ್ದಾಯಿತು. ದೊಡ್ಡ ಮಗ ಬಂದಿದ್ದ.

ಬಸ್ ಡಿಪೋದಲ್ಲಿ ಟೈಮ್‌ಕೀಪರ್. ನಲವತ್ತು ದಾಟಿದ, ಮದುವೆಯಾಗದ ಮನುಷ್ಯ. ಚೀಲವನ್ನು ಎದೆಗೆ ಅವಚಿಕೊಂಡೇ ಒಳಗೆ ಬಂದ. ಅಕ್ಕ ನೆಲದ ಮೇಲೆ ಕೂತಿರುವುದನ್ನು ಕಂಡು ತಿರುಗಿ ಹೋಗುವವನಂತೆ ಒಂದು ಕಾಲು ಹಿಂದಿಟ್ಟ. ನಿನ್ನೆ ಅವನು ಪೊಲೀಸರಿಗೆ ಹೇಳಿದ್ದು ಇಷ್ಟು: ಮಧ್ಯಾಹ್ನ ಮನೆಗೆ ಬಂದೆ, ಊಟ ಮಾಡಿ ಹೋದೆ, ಏನೂ ಕಾಣಲಿಲ್ಲ.

ಅಕ್ಕ ಯಜಮಾನಿಗೆ ಚಹಾ ಇಡಲು ಹೇಳಿದಳು. ಅವರು ಅಡಿಗೆಮನೆಗೆ ಸರಿದ ಮೇಲೆ, ಕೆಳಗೆ ಹಾಸಿದ್ದ ಟವೆಲನ್ನೇ ಎತ್ತಿ ಅವನ ಕೈಗಿಟ್ಟಳು.

“ಇದನ್ನ ಒಂಚೂರು ಮಶೀನಿಗೆ ಹಾಕಿ ಕೊಡಪ್ಪ. ನನಗೆ ಏಳಕ್ಕಾಗಲ್ಲ.”

“ನನಗೆ ಬರಲ್ಲ ಮೇಡಂ. ನಾನು ಇದನ್ನ ಮುಟ್ಟೇ ಇಲ್ಲ.”

“ಬರದೇ ಇರೋರು ಹೆಂಗೆ ಹಾಕ್ತಾರೆ ಅನ್ನೋದನ್ನೇ ನೋಡ್ಬೇಕಾಗಿದೆ. ಹಾಕು.”

ಅವನು ಟವೆಲು ಹಿಡಿದು ನಿಂತ. ಬಿರುಕು ಬಿಟ್ಟ ಹಿಡಿ ಹಿಡಿದು ಬಾಗಿಲು ತೆರೆದ, ಟವೆಲು ಒಳಗೆ ಎಸೆದ. ಮಶೀನಿನ ಪಕ್ಕದ ಕಪಾಟಿನಲ್ಲಿ ದ್ರಾವಣದ ಡಬ್ಬಿ ಕಣ್ಣಿಗೆ ಹೊಡೆಯುವ ಹಾಗಿತ್ತು. ಅವನು ಅದರ ಕಡೆ ನೋಡಲಿಲ್ಲ. ಬಗ್ಗಿ, ಒಗೆಯುವ ಕಲ್ಲಿನ ಕೆಳಗೆ ಕೈ ಹಾಕಿ, ಬ್ರಶ್ಶಿನ ಹಿಂದಿನಿಂದ ಪುಡಿಯ ಪೊಟ್ಟಣ ಎಳೆದ. ಡ್ರಾಯರಿನ ಮೊದಲ ಖಾನೆಗೆ ಸುರಿದ. ಎರಡನೆಯದಕ್ಕೆ ಸುರಿಯುತ್ತಿದ್ದವನು ಅಲ್ಲೇ ನಿಂತ.

ಪುಡಿ ಡ್ರಾಯರಿನಂಚಿಗೆ ಬಡಿದು ನೆಲಕ್ಕೆ ಉದುರತೊಡಗಿತು. ಅವನು ಪೊಟ್ಟಣ ನೆಟ್ಟಗೆ ಮಾಡುವುದನ್ನೂ ಮರೆತಿದ್ದ.

“ಮೂರನೇದೂ ಇದೆ,” ಎಂದಳು ಅಕ್ಕ.

ಅವನು ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿದ. ಅಕ್ಕ ಕಾದಳು. ಕಾಯುವುದೊಂದರಲ್ಲಿ ಅವಳಿಗೆ ದಣಿವಾಗುತ್ತಿರಲಿಲ್ಲ.

“ಖಾನೆ ಮೂರಿತ್ತು. ಮೂರಕ್ಕೂ ಹಾಕ್ಬೇಕೇನೋ ಅಂದ್ಕೊಂಡೆ,” ಎಂದ ಕೊನೆಗೆ.

ಆಮೇಲೆ ಒಂದೊಂದಾಗಿ ಬಂತು. ನಿನ್ನೆ ಊಟಕ್ಕೆ ಬಂದಾಗ ಮನೆ ಮೌನವಾಗಿತ್ತು. ಅಮ್ಮ ತಂಗಿಯ ಮನೆಗೆ ಹೋಗಿದ್ದರು. ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು, ಮಲಗಿದ್ದಾರೆ ಎಂದುಕೊಂಡ. ಕೈ ತೊಳೆಯಲು ಇಲ್ಲಿಗೆ ಬಂದರೆ ಬಕೆಟಿನಲ್ಲಿ ಬಟ್ಟೆ ಮುದುಡಿ ಬಿದ್ದಿತ್ತು, ರಕ್ತವಾಗಿತ್ತು. ತಮ್ಮನಿಗೂ ಅವನ ಹೆಂಡತಿಗೂ ತಿಂಗಳುಗಳಿಂದ ಜಗಳ. ಮನೆ ಮಾರಿ ಬೇರೆ ಹೋಗೋಣ ಎಂದು ಅವನು, ಅಪ್ಪ ಬದುಕಿರುವವರೆಗೆ ಆ ಮಾತು ಎತ್ತಬೇಡ ಎಂದು ಅವಳು. ಮಾತು ಕೈಗೆ ಹೋಗಿರಬೇಕು, ಯಾರಿಗೋ ಪೆಟ್ಟಾಗಿರಬೇಕು ಎಂದುಕೊಂಡ. ಅಮ್ಮ ಬಂದು ನೋಡಿದರೆ ರಂಪವಾಗುತ್ತದೆ, ರಾತ್ರಿ ಮತ್ತೆ ಎಲ್ಲರೂ ಉಣ್ಣದೆ ಮಲಗುತ್ತಾರೆ. ಮನೆಯಲ್ಲಿ ಒಂದು ಸಂಜೆಯಾದರೂ ಶಾಂತಿಯಿರಲಿ ಎಂದು ಬಟ್ಟೆಯನ್ನು ಮಶೀನಿಗೆ ತುರುಕಿ, ಇದ್ದುದರಲ್ಲಿ ದೊಡ್ಡ ಅಂಕಿಗೆ ಗುಂಡಿ ತಿರುಗಿಸಿ, ಉಣ್ಣದೆ ಡಿಪೋಗೆ ಓಡಿದ.

ಅಕ್ಕನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಜಗಳಕ್ಕೆ ಹೆದರುವವರು ಮಾಡುವ ಅನಾಹುತ ಜಗಳಗಂಟರೂ ಮಾಡಲಾರರು.

ನಿನ್ನೆ ರಾತ್ರಿಯೇ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಆ ಹುಡುಗಿ ಒಬ್ಬಳೇ ಠಾಣೆಯ ಬೆಂಚಿನ ಮೇಲೆ ಕೂತಿದ್ದಳಲ್ಲ. ದಿನಾ ಭಾವ ಭಾವ ಎಂದು ಕರೆದು ಬಡಿಸುವವಳು.

ಅವನು ನೆಲಕ್ಕೆ ಉದುರಿದ್ದ ಪುಡಿಯನ್ನು ಕಾಲಿನಿಂದ ಒಂದೆಡೆ ಸರಿಸಿದ.

“ಹೇಳಿದ್ರೆ ಎರಡೂ ಹೇಳ್ಬೇಕಾಗಿತ್ತು.”

“ಎರಡು ಏನು?”

“ಬಟ್ಟೆ. ನಾನು ಹಾಕಿದ್ದು ಎರಡು. ಅವಳ ಟಾಪು, ಇನ್ನೊಂದು ನೀಲಿ ಶರ್ಟು. ನಮ್ಮ ತಮ್ಮಂದು. ಪೊಲೀಸ್ನೋರು ಟಾಪು ಒಂದೇ ಅಂದ್ರು. ಶರ್ಟು ಎಲ್ಲಿ ಹೋಯ್ತು ಅಂತ ನನಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ. ಇಲ್ಲ ಅಂದ್ಮೇಲೆ ಇಲ್ಲ ಅಂತ ಸುಮ್ನಾದೆ. ಒಡಹುಟ್ಟಿದೋನು ಮೇಡಂ. ಎತ್ತಿ ಆಡ್ಸಿದೀನಿ.”

ಕಿರಿ ಮಗ ನಿನ್ನೆ ಬೆಳಗ್ಗೆಯೇ ಕೆಲಸದ ಮೇಲೆ ಪಕ್ಕದ ಊರಿಗೆ ಹೋಗಿದ್ದ. ಅಪ್ಪನ ಸುದ್ದಿ ತಿಳಿದು ರಾತ್ರಿ ಓಡಿಬಂದ. ಇದು ಅವನು ಹೇಳಿದ್ದು, ಪೊಲೀಸರು ಬರೆದುಕೊಂಡದ್ದು, ಅಕ್ಕನೂ ಬೆಳಗ್ಗೆಯಿಂದ ನಂಬಿದ್ದು.

ಅಕ್ಕನ ಕೈಯಲ್ಲಿ ಫಿಲ್ಟರು ಇನ್ನೂ ಇತ್ತು. ಅದನ್ನು ತಿರುಗಿಸುತ್ತಾ ಕೂತಳು. ನೀರು ತುಂಬಿದ ಮಶೀನಿನಿಂದ ಒಂದು ಬಟ್ಟೆ ಹೊರಗೆ ಹೋಗಿದೆ. ಬಾಗಿಲು ಮುರಿಯದೆ ಹೋಗಿದೆ. ಕೊಳವೆಯಿಂದ ನೀರು ಬಸಿದು, ಪಟ್ಟಿ ಎಳೆದು, ಶರ್ಟು ತೆಗೆದು, ಫಿಲ್ಟರು ತೊಳೆದು ಹಾಕಿ, ಬಾಗಿಲು ಹಾಕಿ, ಮತ್ತೆ ಮಶೀನು ಓಡಿಸಿದ್ದಾರೆ. ಉಳಿದ ಪುಡಿ ಮತ್ತೆ ನೊರೆಯಾಗಿ, ಎರಡನೇ ಸಲ ಪಂಪು ಓಡುವ ಮೊದಲೇ ಮಶೀನು ನಿಂತು ನೀರು ಒಳಗೇ ಉಳಿದಿದೆ; ತೊಳೆದ ಫಿಲ್ಟರಿಗೆ ಲೋಳೆ ತಲುಪಿಯೇ ಇಲ್ಲ.

“ಇದನ್ನ ನಿಮ್ಮನೇಲಿ ಯಾರು ಬಿಚ್ಚೋದು?”

ಉತ್ತರ ಬಂದದ್ದು ಬಾಗಿಲಿನಿಂದ. ಯಜಮಾನಿ ಎರಡು ಲೋಟ ಹಿಡಿದು ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಚಹಾದ ಮೇಲೆ ಕೆನೆ ಕಟ್ಟಿತ್ತು.

“ಅವರೇ. ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ.”

ಗಂಡ ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರು. ಒಗೆಯುವುದು ಹೆಂಗಸರಾದರೂ ಮಶೀನಿನ ಆರೈಕೆ ಅವರದೇ. ತಿಂಗಳಿಗೊಮ್ಮೆ ಫಿಲ್ಟರು ಬಿಚ್ಚುವುದು, ರಬ್ಬರು ಒರೆಸುವುದು, ಬಟ್ಟೆಯಿಲ್ಲದೆ ಬರೀ ಬಿಸಿನೀರು ಓಡಿಸುವುದು. ಒಮ್ಮೆ ಬಿಚ್ಚಿದ ಸಾಮಾನನ್ನು ತೊಳೆಯದೆ ಹಾಕಿದರೆ ಅವರಿಗೆ ಅನ್ನ ಸೇರುವುದಿಲ್ಲ ಎಂದರು. ಮನೆಗೆ ಬೆಂಕಿ ಬಿದ್ದರೂ ತೊಳೆದೇ ಹಾಕುವವರು.

ಮೂವರೂ ಫಿಲ್ಟರನ್ನು ನೋಡಿದರು.

ಅಕ್ಕ ದೊಡ್ಡ ಮಗನನ್ನು ಕೇಳಿದಳು. ಮಶೀನು ಹಾಕುವಾಗ ಅಪ್ಪ ಇಲ್ಲಿ ಬಿದ್ದಿದ್ದರೇ? ಇಲ್ಲ, ನೆಲ ಖಾಲಿಯಿತ್ತು ಎಂದ. ಹೇಳಿದ ಮೇಲೆ ತನ್ನ ಮಾತಿನ ಅರ್ಥ ತನಗೇ ಹೊಳೆದು ಅವನ ಮುಖ ಬಿಳಿಚಿತು.

ಹೊಡೆದವರು ಇಲ್ಲಿ ಹೊಡೆದಿರಲಿಲ್ಲ. ಆ ಮುದುಕ ತಲೆಯ ಏಟು ಹೊತ್ತುಕೊಂಡು ಕೋಣೆಯಿಂದ ಎದ್ದು ಇಲ್ಲಿಗೆ ನಡೆದು ಬಂದಿದ್ದಾನೆ. ಗಾಜಿನೊಳಗೆ ಮಗನ ಶರ್ಟು, ಸೊಸೆಯ ಟಾಪು ನೋಡಿದ್ದಾನೆ. ನಿಂತ ಮಶೀನನ್ನು ಬಿಚ್ಚಿದ್ದಾನೆ. ನೀಲಿಯಲ್ಲಿ ಕಲೆ ಕಾಣದ ಶರ್ಟನ್ನು ತೆಗೆದು, ಹಳದಿಯಲ್ಲಿ ಕಲೆ ಎದ್ದು ಕಾಣುವ ಟಾಪನ್ನು ಇನ್ನೊಮ್ಮೆ ತಿರುಗಲು ಬಿಟ್ಟು, ಅದು ಮುಗಿಯಲೆಂದು ಕಾಯುತ್ತಾ ಕಾಯುತ್ತಾ ಬಿದ್ದಿದ್ದಾನೆ. ತನಗೆ ಬಿದ್ದ ಏಟಿನ ಗುರುತನ್ನು ತಾನೇ ಒಗೆದು ಹಾಕಲು ಹೊರಟಿದ್ದ ಮನುಷ್ಯ.

“ಹಾಗಾದ್ರೆ ಶರ್ಟು ಮನೇಲೇ ಇರ್ಬೇಕು,” ಎಂದಳು ಅಕ್ಕ. “ಅವರು ದೂರ ಹೋಗೋ ಸ್ಥಿತೀಲಿ ಇರ್ಲಿಲ್ಲ.”

ಯಜಮಾನಿ ಲೋಟಗಳನ್ನು ಮಶೀನಿನ ಮೇಲೆ ಇಟ್ಟರು. ಒಂದು ಲೋಟದ ಚಹಾ ತುಳುಕಿತು. ಸೆರಗಿನಿಂದ ಒರೆಸಲು ಹೋಗಿ, ಒರೆಸದೆ ನಿಂತರು.

“ನೀಲಿದಾ? ಸಣ್ಣ ಗೆರೆದು?”

ದೊಡ್ಡ ಮಗ ಹೌದೆಂದು ತಲೆಯಾಡಿಸಿದ.

“ಅದು ಹಗ್ಗದ ಮೇಲಿತ್ತಲ್ಲ. ಕ್ಲಿಪ್ಪು ಹಾಕಿ ನೀಟಾಗಿ ಹರವಿದ್ರು. ನಿನ್ನೆ ರಾತ್ರಿ ಆಸ್ಪತ್ರೆಯಿಂದ ಹೊದಿಕೆ ತಗೊಳ್ಳೋಕೆ ಬಂದೆ. ಹಗ್ಗದ ಮೇಲೆ ಬಟ್ಟೆ ಬಿಟ್ಟು ಮಲಗಿ ನನಗೆ ಅಭ್ಯಾಸ ಇಲ್ಲ. ಎಲ್ಲಾ ತೆಗೆದು ಮಡಚಿ ಇಟ್ಟೆ.” ಅವರ ದನಿ ತಗ್ಗುತ್ತಾ ಹೋಯಿತು. “ಬೆಳಗ್ಗೆ ಅವನು ಕೇಳ್ದ, ಅಮ್ಮ ಹಾಕ್ಕೊಳ್ಳೋಕೆ ಏನಾದ್ರೂ ಕೊಡು ಅಂತ. ಅದನ್ನೇ ಇಸ್ತ್ರಿ ಮಾಡಿ ಕೊಟ್ಟೆ.”

ಪೊಲೀಸರು ಮನೆಯೆಲ್ಲ ಜಾಲಾಡುತ್ತಿದ್ದಾಗ, ಅವರ ತಲೆಯ ಮೇಲೆಯೇ, ನಾಲ್ಕು ಲಂಗೋಟಿ ಟವೆಲುಗಳ ನಡುವೆ ಅದು ಒಣಗುತ್ತಿತ್ತು. ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ಯಾರು ಅನುಮಾನಿಸುತ್ತಾರೆ?

“ನಿನ್ನೆ ಬೆಳಗ್ಗೆ ಊರಿಗೆ ಹೊರಟಾಗ ಮಗ ಏನು ಹಾಕಿದ್ದ?” ಅಕ್ಕ ಆದಷ್ಟೂ ಮೆತ್ತಗೆ ಕೇಳಿದಳು.

ಯಜಮಾನಿಗೆ ಉತ್ತರ ಗೊತ್ತಿತ್ತು. ಬೆಳಗ್ಗೆಯಿಂದ ಗೊತ್ತಿದ್ದೂ ನೋಡದೆ ಬಿಟ್ಟಿದ್ದ ಉತ್ತರ. ಊರಿಗೆ ಹಾಕಿಕೊಂಡು ಹೋದ ಶರ್ಟು ಅವನು ಬರುವ ಮೊದಲೇ ಹಗ್ಗಕ್ಕೆ ಬರುವುದು ಹೇಗೆ? ಅವರು ಗೋಡೆ ಹಿಡಿದು ನಿಧಾನವಾಗಿ ಅಕ್ಕನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತರು. ದೊಡ್ಡ ಮಗ ಅಮ್ಮ ಎಂದು ಎದ್ದ. ಅವರು ಅವನನ್ನು ನೋಡಲಿಲ್ಲ.

“ಅವಳನ್ನ ಮನೆಗೆ ಕರ್ಕೊಂಡು ಬನ್ನಿ,” ಎಂದರು ಬೆಳಗ್ಗೆ ಹೇಳಿದ ಹಾಗೆಯೇ. “ಅವನ ವಿಷಯ ಆಮೇಲೆ.”

ಅಕ್ಕ ಫೋನು ಎತ್ತಿದಳು. ಇನ್‌ಸ್ಪೆಕ್ಟರು ಮೊದಲ ಸದ್ದಿಗೇ ತೆಗೆದ. ದನಿಯಲ್ಲಿ ಈಗ ಒಂದಿಷ್ಟು ಹಗುರವಿತ್ತು. ಅಕ್ಕ ಬಾಯಿ ತೆರೆಯುವ ಮೊದಲೇ, ನೀವು ಹೇಳಿದ್ದು ಸರಿ ಅನ್ನಿಸಿತು, ಮಶೀನು ಹಾಕಿದ್ದು ಅವಳಲ್ಲ ಅಂದ ಮೇಲೆ ಇಟ್ಟುಕೊಳ್ಳಲು ನನ್ನ ಹತ್ತಿರ ಕಾರಣವಿಲ್ಲ, ಬಿಟ್ಟು ಕಳಿಸಿದೆ ಎಂದ.

“ಯಾರ ಜೊತೆ?”

“ಗಂಡ ಬಂದಿದ್ದ. ಆಸ್ಪತ್ರೆಯಿಂದ ಬೆಳಗ್ಗೆನೇ ಬಂದು ಬಾಗಿಲಲ್ಲಿ ಕೂತಿದ್ದ ಪಾಪ. ಅವಳು ಒಬ್ಬಳೇ ಹೋಗ್ತೀನಿ ಅಂದ್ಲು. ಎರಡು ಸಲ ಅಂದ್ಲು. ಸುಸ್ತಾಗಿದೀಯಮ್ಮ, ಕಟ್ಕೊಂಡ ಗಂಡ ಇರುವಾಗ ಒಬ್ಬಳೇ ಯಾಕೆ ಅಂತ ನಾನೇ ಬುದ್ಧಿ ಹೇಳಿ ಅವನ ಗಾಡಿ ಹತ್ತಿಸ್ದೆ.”

ಅಕ್ಕ ಎಷ್ಟು ಹೊತ್ತಾಯಿತೆಂದು ಕೇಳಿದಳು. ನೀವು ಫೋನ್ ಇಟ್ಟ ಬೆನ್ನಿಗೇ, ಇಷ್ಟೊತ್ತಿಗೆ ಬಂದು ಊಟ ಮುಗಿಸಿರಬೇಕಲ್ಲ ಎಂದು ಇನ್‌ಸ್ಪೆಕ್ಟರು ನಕ್ಕ.

ಠಾಣೆ ಇದ್ದದ್ದು ಬೀದಿಯ ಆ ತುದಿಯಲ್ಲಿ. ನಡೆದು ಬಂದರೂ ಎಂದೋ ಬಂದಿರಬೇಕಿತ್ತು. ಅಕ್ಕ ಫೋನನ್ನು ಕಿವಿಯಿಂದ ಇಳಿಸದೆ ಮುಂಬಾಗಿಲ ಕಡೆ ನೋಡಿದಳು. ಗಂಡ ಹೊಡೆದದ್ದನ್ನು ಕಂಡು, ಅವನಿಗೇ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದ ಆ ಹುಡುಗಿಗೆ ನಿನ್ನೆಯಿಂದ ಇದ್ದ ಒಂದೇ ಭದ್ರವಾದ ಜಾಗದಿಂದ ಅವಳನ್ನು ಹೊರಗೆ ತಂದವಳು ತಾನೇ.